ಕೊಂದಾಂವ ಯಾರು? ಊರಿಗೆಲ್ಲ ಗೊತ್ತು, ಯಾರೂ ಹೇಳವಲ್ರು!

ಸಾಹುಕಾರನನ್ನು ಕೊಂದದ್ದು ಯಾರು ಅಂತ ನನಗೆ ಗೊತ್ತು, ಓದುಗ ಮಿತ್ರರೇ. ಆದರೆ ಹೇಳುವುದಿಲ್ಲ!

ಸಂಪಾದಕರು ಎರಡು ಸಲ ಫೋನ್ ಮಾಡಿ ಕೇಳಿದರು. "ಕೊಲೆಗಾರನ ಹೆಸರೇ ಇಲ್ಲದ ಲೇಖನ ಓದುಗರಿಗೆ ಹೇಗ್ರೀ ಕೊಡೋದು?" ಅಂದರು. "ಹೆಸರು ಕೊಟ್ಟರೆ ಆ ಹುಡುಗರ ನಾಟಕ ಯಾರು ನೋಡ್ತಾರೆ ಸಾರ್?" ಅಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ "ಸರಿ, ಬರೀರಿ. ಆದ್ರೆ ನನಗೊಬ್ಬನಿಗೆ ಮಾತ್ರ ಹೇಳಿ" ಅಂದರು. ಅವರಿಗೂ ಹೇಳಿಲ್ಲ.

ನಾಟಕದ ಹೆಸರನ್ನೂ ಹೇಳಲಾರೆ, ಊರಿನ ಹೆಸರನ್ನೂ ಹೇಳಲಾರೆ. ಯಲಬುರ್ಗಾ ಕಡೆಯ ಒಂದು ಎರೆಹೊಲದ ಊರು ಅಂತಷ್ಟೇ ತಿಳಿದುಕೊಳ್ಳಿ. ಅಲ್ಲಿನ ಹದಿನಾಲ್ಕು ಹುಡುಗರು ಸೇರಿ ಕಳೆದ ಜಾತ್ರೆಯಲ್ಲಿ ಒಂದು ಸಸ್ಪೆನ್ಸ್ ನಾಟಕ ಆಡಿದರು. ಅದನ್ನೇ ಕೊಪ್ಪಳ, ಗಂಗಾವತಿ, ಕುಷ್ಟಗಿ ಕಡೆಗೂ ಒಯ್ಯಬೇಕು ಅಂತ ಹೊರಟಿದ್ದಾರೆ. ನಾನು ಬಾಯಿ ಬಿಟ್ಟರೆ ಅವರ ಹೊಟ್ಟೆಯ ಮೇಲೆ ಹೊಡೆದಂತೆ.

ಬಾಯಿ ಬಿಟ್ಟು ಕೆಟ್ಟವನು ನಾನೇ ಒಮ್ಮೆ. 2015ರಲ್ಲಿ 'ರಂಗಿತರಂಗ' ಬಂದಾಗ ಪಿಯುಸಿಗೆ ಸಲಾಂ ಹೊಡೆದು ತಿರುಗಾಡುತ್ತಿದ್ದೆ. ಗಂಗಾವತಿಯಲ್ಲಿ ಸಿನಿಮಾ ನೋಡಿ ಕೊಪ್ಪಳದ ಬಸ್ಸು ಹತ್ತಿ, ಗೆಳೆಯನಿಗೆ ಇಡೀ ಕಥೆ ಬಾಯಿ ತುಂಬ ಹೇಳಿಬಿಟ್ಟೆ... ಕೊನೆಯ ಗುಟ್ಟಿನ ಸಮೇತ! ಮುಂದಿನ ಸೀಟಿನಲ್ಲಿ ಕೂತಿದ್ದ ಒಬ್ಬ ಗೌಂಡಿ ತಿರುಗಿ ನನ್ನ ಮುಖ ನೋಡಿದ. "ತಮ್ಮಾ, ನಾಳೆ ಸೂಟಿ ಹಾಕಿ ಈ ಪಿಚ್ಚರಿಗೆ ಹೋಗಾಂವ ಇದ್ದೆ. ಈಗ ನನ್ನ ಒಂದ್ ದಿನದ ಪಗಾರ ನೀ ಕೊಡ್ತಿ ಏನು?" ಅಂದ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ಆವತ್ತಿನಿಂದ ಸಸ್ಪೆನ್ಸ್ ಚಿತ್ರದ ಕೊನೆಯನ್ನು ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ.

ರಕ್ತರಾತ್ರಿ ನೋಡಿದ ಮಂದಿ

ನಮ್ಮ ಕಡೆ ನಾಟಕವೆಂದರೆ ಹಬ್ಬ. ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವು ಅಂದರೆ ಊರಿಗೊಂದು ಸ್ಟೇಜು ಏಳುತ್ತದೆ. ರಾತ್ರಿ ಹತ್ತೂವರೆಗೆ ಪರದೆ ಎದ್ದರೆ ಇಳಿಯುವುದು ಕೋಳಿ ಕೂಗಿದ ಮೇಲೆ. ಆದರೆ ಒಂದು ಮಾತು ಗಮನಿಸಿ. ನಮ್ಮ ಮಂದಿ ಏನಾಗುತ್ತದೆ ಅಂತ ತಿಳಿಯಲು ನಾಟಕಕ್ಕೆ ಬರುವವರಲ್ಲ. ಹೇಗಾಗುತ್ತದೆ ಅಂತ ನೋಡಲು ಬರುವವರು. ಕಂದಗಲ್ ಹನುಮಂತರಾಯರ 'ರಕ್ತರಾತ್ರಿ'ಯನ್ನೇ ತೆಗೆದುಕೊಳ್ಳಿ. ಮಲಗಿದ್ದ ಪಾಂಡವರ ಮಕ್ಕಳನ್ನು ಕೊಂದವನು ಅಶ್ವತ್ಥಾಮ ಅಂತ ಹಾಲು ಕುಡಿಯುವ ಕೂಸಿಗೂ ಗೊತ್ತು. ಆದರೂ ಹತ್ತು ಸಲ ನೋಡಿದವರು ಹನ್ನೊಂದನೇ ಸಲ ಚಾಪೆ ಹಿಡಿದು ಮುಂದೆ ಬಂದು ಕೂಡುತ್ತಾರೆ. ಶಕುನಿಯ ಮಾತು ಬಂದರೆ ಅವನಿಗಿಂತ ಮೊದಲು ತಾವೇ ಹೇಳುತ್ತಾರೆ.

ನಮ್ಮ ಕುಷ್ಟಗಿಗೆ ಹೊಂದಿಕೊಂಡ ಹುನಗುಂದ ಸೀಮೆಯ ಪಿ.ಬಿ. ಧುತ್ತರಗಿ ಅವರ 'ಸಂಪತ್ತಿಗೆ ಸವಾಲ್' ಕೂಡ ಹಾಗೇ. ಹಳ್ಳಿ ಹಳ್ಳಿಯಲ್ಲಿ ಆಡಿದ ನಾಟಕ 1974ರಲ್ಲಿ ಸಿನಿಮಾ ಆಯಿತು. ಅಣ್ಣಾವ್ರು ಎಮ್ಮೆ ಮೇಲೆ ಕೂತು ತಾವೇ ಹಾಡಿದ್ದನ್ನು ಯಾರಾದರೂ ಮರೆತಾರೆಯೇ? ಕಥೆ ಗೊತ್ತಿದ್ದವರೇ ಮತ್ತೆ ಮತ್ತೆ ಟಿಕೆಟ್ ತೆಗೆಸಿದರು.

ಇಂಥ ಮಂದಿಯ ಮುಂದೆ ಸಸ್ಪೆನ್ಸ್! ಕೊಂದವನು ಯಾರು ಅಂತ ಗೊತ್ತಾದ ಮೇಲೆ ಉಳಿಯುವುದೇನು? ಲಂಡನ್ನಿನವರು ಇದಕ್ಕೊಂದು ಉಪಾಯ ಮಾಡಿದ್ದಾರೆ. ಅಗಾಥಾ ಕ್ರಿಸ್ಟಿ ಬರೆದ 'ದಿ ಮೌಸ್‌ಟ್ರ್ಯಾಪ್' ನಾಟಕ ಅಲ್ಲಿ 1952ರ ನವೆಂಬರ್ 25ರಂದು ಶುರುವಾಯಿತು. ಕೊರೊನಾ ಬಂದು 2020ರ ಮಾರ್ಚ್‌ನಿಂದ 2021ರ ಮೇ ತನಕ ಬಾಗಿಲು ಹಾಕಿದ್ದು ಬಿಟ್ಟರೆ ನಿಂತೇ ಇಲ್ಲ. ಪ್ರತಿ ಆಟ ಮುಗಿದ ಮೇಲೆ ನಟನೊಬ್ಬ ಮುಂದೆ ಬಂದು, ಕೊಲೆಗಾರನ ಗುಟ್ಟನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ ಅಂತ ಕೇಳಿಕೊಳ್ಳುತ್ತಾನೆ. ಜನರೂ ಇಟ್ಟುಕೊಳ್ಳುತ್ತಾರೆ. ಆದರೆ ಲಂಡನ್ನಿನಲ್ಲಿ ಪಕ್ಕದ ಕುರ್ಚಿಯವನು ಯಾರು ಅಂತಲೇ ಗೊತ್ತಿರುವುದಿಲ್ಲ. ನಮ್ಮೂರಲ್ಲಿ ಕೊಲೆಯಾದವನು ಕಾಕಾ, ಕೊಂದವನು ಅಳಿಯ, ಇನ್‌ಸ್ಪೆಕ್ಟರು ಸಡ್ಡಕ!

ಪೇಟಿ ಮಾಸ್ತರರ ಹಟ

ಈ ಹುಚ್ಚು ಹಿಡಿದದ್ದು ಮೊದಲು ಆ ಊರಿನ ನಾಟಕದ ಮಾಸ್ತರರಿಗೆ. ವಯಸ್ಸು ಅರವತ್ತು ದಾಟಿದೆ. ಹಾರ್ಮೋನಿಯಂ ನುಡಿಸುತ್ತಾರೆ, ನಾಟಕ ಕಲಿಸುತ್ತಾರೆ. ಹರೆಯದಲ್ಲಿ ಕೊಪ್ಪಳಕ್ಕೆ ಹೋದಾಗ ವಿಡಿಯೋದಲ್ಲಿ 'ತರ್ಕ' ನೋಡಿದರಂತೆ. 1989ರ ಚಿತ್ರ. ಸುನೀಲ್ ಕುಮಾರ್ ದೇಸಾಯಿ ಅವರ ಮೊದಲ ನಿರ್ದೇಶನ. ಶಂಕರ್ ನಾಗ್, ದೇವರಾಜ್, ವನಿತಾ ವಾಸು. ಹಾಡೇ ಇಲ್ಲ!

"ನಾ ಪೇಟಿ ಮಾಸ್ತರ ನೋಡ್ರಿ. ಹಾಡಿಲ್ಲದ ಪಿಚ್ಚರ್ ನೋಡಿ ನನಗ ಸಿಟ್ಟು ಬರಬೇಕಿತ್ತು. ಬದಲಿ ಮೂರು ರಾತ್ರಿ ನಿದ್ದಿ ಬರಲಿಲ್ಲ" ಅಂದರು ಮಾಸ್ತರರು.

'ತರ್ಕ'ದ ಬೇರು ಇರುವುದು ರಂಗಭೂಮಿಯಲ್ಲೇ ಅಂತ ಅವರಿಗೆ ನಾನು ಹೇಳಿದೆ. ಅದಕ್ಕೆ ಸ್ಫೂರ್ತಿ ಕ್ರಿಸ್ಟಿಯ 'ದಿ ಅನ್‌ಎಕ್ಸ್‌ಪೆಕ್ಟೆಡ್ ಗೆಸ್ಟ್' ಎಂಬ 1958ರ ನಾಟಕ. ಅದೇ ನಾಟಕ ಹಿಂದಿಯಲ್ಲಿ 1973ರಲ್ಲಿ ಬಿ.ಆರ್. ಚೋಪ್ರಾ ಅವರ 'ಧುಂದ್' ಆಗಿತ್ತು. ನಮ್ಮ 'ತರ್ಕ' 1990ರಲ್ಲಿ ತಮಿಳಿಗೂ ಹೋಯಿತು. ತೀರ ಈಚಿನದು ಬೇಕಿದ್ದರೆ ದಯಾಳ್ ಪದ್ಮನಾಭನ್ ಅವರ 'ಆ ಕರಾಳ ರಾತ್ರಿ', 2018ರದು. ಅದು ಮೋಹನ್ ಹಬ್ಬು ಅವರ ಕನ್ನಡ ನಾಟಕದಿಂದ ಬಂದದ್ದು. ಒಂದು ಮನೆ, ನಾಲ್ಕು ಪಾತ್ರ, ಒಬ್ಬ ಅತಿಥಿ. ಅದರ ಕೊನೆಯನ್ನೂ ನಾನು ಹೇಳುವುದಿಲ್ಲ, ಬಿಡಿ.

ಮಾಸ್ತರರು ಎಲ್ಲ ಕೇಳಿ, "ಅಂದ್ರ ನಾಟಕದಿಂದ ಸಿನಿಮಾದವರು ಒಯ್ದದ್ದನ್ನ ನಾ ತಿರುಗಿ ನಾಟಕಕ್ಕ ತಂದಂಗಾತು" ಅಂದರು. ಆದರೆ ಅವರು ಯಾವುದನ್ನೂ ಕದಿಯಲಿಲ್ಲ. ತಮ್ಮದೇ ಕಥೆ ಬರೆದರು. ಜಾತ್ರೆಯ ರಾತ್ರಿ ವಾಡೆಯಲ್ಲಿ ಬಡ್ಡಿ ಸಾಹುಕಾರನ ಕೊಲೆ. ತೇರಿನ ಗದ್ದಲದಲ್ಲಿ ಕೂಗು ಯಾರಿಗೂ ಕೇಳಲಿಲ್ಲ. ಹೆಂಡತಿ, ತಮ್ಮ, ಗುಮಾಸ್ತ, ಡಾಕ್ಟರ್, ಆಳುಮಗ, ಬೆಂಗಳೂರಿನಿಂದ ಬಂದ ಅಕ್ಕನ ಮಗ, ಅವನ ಗೆಳತಿ. ಏಳು ಮಂದಿಯ ಮೇಲೆ ಅನುಮಾನ. ಹಾಡು ಮಾತ್ರ ಬಿಡಲಿಲ್ಲ, ಆರು ಇವೆ. ಪೇಟಿ ಮಾಸ್ತರ ತಾನೇ!

ಊರ ಹಿರಿಯರು ಒಪ್ಪಲಿಲ್ಲ. "ಜಾತ್ರ್ಯಾಗ ಹೆಣದ ನಾಟಕ ಬ್ಯಾಡ. ಅಣ್ಣ-ತಂಗಿದು ಒಂದ್ ಚಲೋ ನಾಟಕ ಮಾಡ್ರಿ, ಹೆಣಮಕ್ಕಳು ಅಳತಾರ, ಆಯೇರಿ ಬರ್ತಾವ" ಅಂದರು. ಹುಡುಗರು ಪಟ್ಟು ಹಿಡಿದರು. ಹಿರಿಯರು ದೇವರ ರೊಕ್ಕದಲ್ಲಿ ಪೈ ಕೊಡುವುದಿಲ್ಲ ಅಂದರು. ಸರಿ, ಹುಡುಗರೇ ಹೊಂದಿಸಿದರು. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವವನೊಬ್ಬ ಮುಂಗಡ ಎತ್ತಿದ. ಇನ್ನೊಬ್ಬ ಎರಡು ಆಡು ಮಾರಿದ. ಸೀನರಿ, ಲೈಟು, ಧ್ವನಿವರ್ಧಕ, ನಟಿಯರ ಸಂಭಾವನೆ... ನಾಟಕ ಬಿದ್ದರೆ ಇವರು ಏಳುವುದು ಎರಡು ವರ್ಷಕ್ಕೆ.

ಗುಟ್ಟು ಕಾಯುವುದು ಎಷ್ಟು ಕಷ್ಟ ಅಂತ ಶುರು ಮಾಡಿದ ಮೇಲೇ ಗೊತ್ತಾದದ್ದು. ನಮ್ಮ ಕಡೆ ಪಾತ್ರದ ತೂಕ ನೋಡಿ ಪಟ್ಟಿ ಹಾಕುತ್ತಾರೆ. ಹೀರೋಗೆ ಜಾಸ್ತಿ, ಖಳನಾಯಕನಿಗೆ ಅದರ ಕೆಳಗೆ, ಸಿಪಾಯಿಗೆ ಕಡಿಮೆ. ಯಾರು ಎಷ್ಟು ಕೊಟ್ಟರು ಅಂತ ಕಟ್ಟೆಯ ಮೇಲೆ ಲೆಕ್ಕ ಹಾಕಿದರೆ ಕೊಲೆಗಾರ ಸಿಕ್ಕಿಬೀಳುತ್ತಾನೆ! ಆದ್ದರಿಂದ ಎಲ್ಲರೂ ಸಮ ಸಮ ಕೊಟ್ಟರು. ಸಿಪಾಯಿ ಪಾತ್ರದವನು ಇವತ್ತಿಗೂ ಗೊಣಗುತ್ತಾನೆ. ಹ್ಯಾಂಡ್‌ಬಿಲ್ಲಿನಲ್ಲಿ 'ಖಳನಾಯಕ' ಅಂತ ಒಂದು ಸಾಲು ಇರಲೇಬೇಕಲ್ಲ, ಅದನ್ನು ಕಿತ್ತುಹಾಕಿದರು. ಪ್ರಿಂಟಿಂಗ್ ಪ್ರೆಸ್ಸಿನವನು ಮರೆತಿದ್ದಾರೆ ಅಂತ ತಾನೇ ಸೇರಿಸಿ, ಮುಂದೆ ಚುಕ್ಕಿ ಇಟ್ಟು ಕಳಿಸಿದ್ದ. ಕೂತು ಒಂದೊಂದನ್ನೂ ಪೆನ್ನಿನಿಂದ ಹೊಡೆದುಹಾಕಿದರು.

ತಾಲೀಮು ನಡೆಯುವುದು ಹನುಮಪ್ಪನ ಗುಡಿಯ ಮುಂದೆ. ಊರ ಹುಡುಗರೆಲ್ಲ ಸುತ್ತ ಕೂತು ಮಾತು ಬಾಯಿಪಾಠ ಮಾಡುತ್ತಾರೆ. ಹಾಗಾಗಿ ಕೊನೆಯ ದೃಶ್ಯವನ್ನು ಮಾತ್ರ ಊರ ಹೊರಗಿನ ಒಂದು ಕಣದಲ್ಲಿ, ರಾತ್ರಿ ಹನ್ನೊಂದರ ಮೇಲೆ, ಬ್ಯಾಟರಿ ಬೆಳಕಿನಲ್ಲಿ ಕಲಿಸಿದರು. ಝೆರಾಕ್ಸ್ ಪ್ರತಿಗಳಿಗೆ ಕೊನೆಯ ಒಂಬತ್ತು ಪುಟ ಇರಲಿಲ್ಲ. ಪೂರ್ತಿ ಪುಸ್ತಕ ಇದ್ದದ್ದು ಒಂದೇ, ಅದು ಮಾಸ್ತರರ ಹಾರ್ಮೋನಿಯಂ ಪೆಟ್ಟಿಗೆಯೊಳಗೆ.

"ನಾ ಹೆಂಗ ಅಳಲಿ?"

ಹಳ್ಳಿ ನಾಟಕಕ್ಕೆ ಹೆಣ್ಣು ಪಾತ್ರದವರು ಬೇಕೆಂದರೆ ನಮ್ಮ ಜಿಲ್ಲೆಯವರು ನೋಡುವುದು ಕುಕನೂರಿನ ಕಡೆ. ವೃತ್ತಿ ರಂಗಭೂಮಿಯ ನಟಿಯರ ಊರು ಅದು. ಸುಗ್ಗಿಯ ಕಾಲದಲ್ಲಿ ಒಂದು ರಾತ್ರಿ ಈ ಊರು, ಮರು ರಾತ್ರಿ ಇನ್ನೊಂದು ಊರು. ನಾಟಕದ ದಿನ ಮಧ್ಯಾಹ್ನ ಬಸ್ಸಿಳಿದು, ತಮ್ಮ ಪಾತ್ರದ ಹಾಳೆ ನೋಡಿಕೊಂಡು, ಒಂದು ಸಲ ಓದಿ, ರಾತ್ರಿ ಊರಿಗೆ ಊರೇ ಅಳುವ ಹಾಗೆ ಮಾಡುವವರು. ನಮ್ಮ ಸಿನಿಮಾದವರು ಇಪ್ಪತ್ತು ಟೇಕ್ ತೆಗೆದುಕೊಂಡು ಮಾಡುವುದನ್ನು ಇವರು ಪ್ರಾಂಪ್ಟರನ ಪಿಸುಮಾತು ಹಿಡಿದು ಒಂದೇ ಏಟಿಗೆ ಮಾಡುತ್ತಾರೆ. ಇವರ ಬಗ್ಗೆ ಬರೆಯುವವರು ಕಡಿಮೆ. ಆ ಮಾತು ಇನ್ನೊಮ್ಮೆ ಬರೆದೇನು.

ಸಾಹುಕಾರನ ಹೆಂಡತಿಯ ಪಾತ್ರಕ್ಕೆ ಬಂದ ಹಿರಿಯ ನಟಿ ಹಾಳೆ ಓದಿ ಮಾಸ್ತರರನ್ನು ಕೇಳಿದರು. "ಮಾಸ್ತರ, ಗಂಡನ ಹೆಣದ ಮುಂದ ಅಳೂದು ಐತಿ. ಕೊಂದಾಂವ ಯಾರಂತ ಇದರಾಗ ಇಲ್ಲಲ್ಲ?"

"ಅದು ಗುಟ್ಟು ಅಕ್ಕಾರ."

"ಗುಟ್ಟು ಮಂದಿಗೆ ಇರಲಿ. ನನಗ ಹೇಳ್ರಿ. ನಾನs ಕೊಂದಿದ್ರ ಒಂದು ನಮೂನಿ ಅಳಬೇಕು. ಕೊಂದಾಂವನ ಬಗ್ಗೆ ನನಗ ಗೊತ್ತಿದ್ರ ಇನ್ನೊಂದು ನಮೂನಿ. ಏನೂ ಗೊತ್ತಿಲ್ಲಂದ್ರ ಮತ್ತೊಂದು. ಹೇಳಲಿಲ್ಲಂದ್ರ ನಾ ಹೆಂಗ ಅಳಲಿ?"

ನನಗೆ ರೋಮಾಂಚನವಾಯಿತು, ಮಿತ್ರರೇ! ಇಡೀ ಸಸ್ಪೆನ್ಸ್ ನಟನೆಯ ಗಂಟು ಇಷ್ಟೇ. ಪ್ರೇಕ್ಷಕನಿಗೆ ಗೊತ್ತಾಗಬಾರದು, ಆದರೆ ಕೊನೆಗೆ ಗೊತ್ತಾದಾಗ 'ಹೌದಲ್ಲ, ಆವಾಗಲೇ ಆಕೆ ಹಾಗೆ ನೋಡಿದಳು' ಅನ್ನಿಸಬೇಕು. ಮಾಸ್ತರರು ಆಕೆಯ ಕಿವಿಯಲ್ಲಿ ಹೇಳಿದರು. ಆಕೆ ಒಂದು ಗಳಿಗೆ ಸುಮ್ಮನಾಗಿ, "ಹಂಗಾದ್ರ ಮೂರನೇ ಸೀನಿನಾಗ ನಾ ಒಬ್ಬರ ಮಾರಿ ನೋಡಬಾರದು" ಅಂದರು. ಯಾರ ಮಾರಿ? ನಗುತ್ತ ಚಹಾ ಕುಡಿದರು, ಅಷ್ಟೇ.

ಬಣ್ಣದವನ ಕಷ್ಟ ಬೇರೆ. "ಖಳನಾಯಕ ಯಾರ್ರಿ? ಹುರಿ ಮೀಸಿ ಯಾರಿಗೆ ಹಚ್ಚಲಿ?" ಅಂತ ಪೆಟ್ಟಿಗೆ ತೆರೆದು ಕೂತಿದ್ದ. ಯಾರಿಗೂ ಬೇಡ ಅಂದರು. ಅವನಿಗೆ ಸಮಾಧಾನವಾಗಲಿಲ್ಲ, ಎಲ್ಲರಿಗೂ ಹಚ್ಚಿಬಿಟ್ಟ!

ಆ ರಾತ್ರಿ

1960ರಲ್ಲಿ 'ಸೈಕೋ' ಬಿಡುಗಡೆಯಾದಾಗ ಹಿಚ್‌ಕಾಕ್ ಸಾಹೇಬರು ಒಂದು ಕಟ್ಟಳೆ ಮಾಡಿದ್ದರು. ಚಿತ್ರ ಶುರುವಾದ ಮೇಲೆ ಯಾರನ್ನೂ ಥೇಟರಿನೊಳಗೆ ಬಿಡಬಾರದು. ನಮ್ಮ ಜಾತ್ರೆಯಲ್ಲಿ ಅದು ನಡೆದೀತೇ? ಹನ್ನೆರಡಕ್ಕೂ ಟ್ರ್ಯಾಕ್ಟರುಗಳು ಬರುತ್ತಲೇ ಇದ್ದವು. ಬಂದವರೆಲ್ಲ ಕೇಳುವುದು ಒಂದೇ, "ಸತ್ತಾಂವ ಯಾರು?" ಕೂತವರು ಹೇಳುವುದು ಒಂದೇ, "ಸಾಹುಕಾರ. ಸುಮ್ನ ಕುಂದ್ರು."

ಒಂದು ಗಂಟೆಯ ಹೊತ್ತಿಗೆ ಹೆಂಗಸರ ಕಡೆ ಮಕ್ಕಳು ಮಲಗಿದ್ದವು, ತಾಯಂದಿರು ಮಲಗಿರಲಿಲ್ಲ. ಹಿರಿಯರು ಕೊಡುವುದಿಲ್ಲ ಅಂದವರು, ಕಟ್ಟೆಯ ಮೇಲೆ ಕೂತು "ಗುಮಾಸ್ತನs", "ಏ ಅಲ್ಲ, ಡಾಕ್ಟರ್" ಅಂತ ಎಲಿ-ಅಡಿಕೆ ಪಣ ಕಟ್ಟುತ್ತಿದ್ದರು. ಸೈಡ್‌ವಿಂಗಿನಲ್ಲಿ ನಿಂತ ಮಾಸ್ತರರ ಮುಖದಲ್ಲಿ ಮೊದಲ ಸಲ ರಕ್ತ ಬಂತು.

ಆಗ ಬಂತು ಆಯೇರಿ!

ಪಟ್ಟಣದ ಓದುಗರಿಗೆ ಒಂದು ಮಾತು. ನಮ್ಮ ಕಡೆ ನಾಟಕ ನಡೆಯುತ್ತಿರುವಾಗಲೇ ಬೀಗರು, ಗೆಳೆಯರು ಸ್ಟೇಜಿಗೆ ಹತ್ತಿ ಪಾತ್ರಧಾರಿಗೆ ಅಂಗಿ, ರೊಕ್ಕ, ಉಂಗುರ ಕೊಡುತ್ತಾರೆ. ಮೈಕಿನಲ್ಲಿ ಹೆಸರು ಕೂಗುತ್ತಾರೆ. ಸತ್ತು ಬಿದ್ದ ಪಾತ್ರವೂ ಎದ್ದು ಕೈಮುಗಿದು ತೆಗೆದುಕೊಂಡು ಮತ್ತೆ ಸಾಯುತ್ತದೆ. ಇದನ್ನು ತಪ್ಪು ಅನ್ನಬೇಡಿ, ನಾಟಕದ ಖರ್ಚು ಹುಟ್ಟುವುದೇ ಅದರಿಂದ.

ಈಗ ಕೇಳಿ. ಕೊಲೆಗಾರನನ್ನು ಹಿಡಿಯುವ ಕುರುಹು ಒಂದು ಕೈಗಡಿಯಾರ. (ಅದು ಗಡಿಯಾರವೋ, ಉಂಗುರವೋ, ಶಾಲೋ, ಗುಟ್ಟು ಕಾಯಲು ನಾನು ಬದಲಿಸಿ ಬರೆದಿರಬಹುದು. ಹುಷಾರಾಗಿರಿ!) ಹೆಣದ ಹತ್ತಿರ ಒಡೆದ ಗಡಿಯಾರ ಸಿಕ್ಕಿದೆ. ಕೊನೆಗೆ ಯಾರ ಮಣಿಕಟ್ಟು ಬರಿದೋ ಅವನೇ ಹಂತಕ. ಎರಡನೇ ಅಂಕದ ನಡುವೆ ಆ ಪಾತ್ರದವನ ಮಾವ ಸ್ಟೇಜು ಹತ್ತಿದರು. ಮದುವೆಯಾಗಿ ನಾಲ್ಕು ವರ್ಷ ಅಳಿಯನ ಮೇಲೆ ಮುನಿಸು, ಮೊದಲ ಸಲ ಅವನ ನಾಟಕಕ್ಕೆ ಬಂದಿದ್ದಾರೆ. ಮೈಕಿನಲ್ಲಿ ಹೆಸರು ಹೇಳಿಸಿ, ಜೇಬಿನಿಂದ ಹೊಚ್ಚ ಹೊಸ ಗಡಿಯಾರ ತೆಗೆದು ತಾವೇ ಅಳಿಯನ ಕೈಗೆ ಕಟ್ಟಿದರು! ಚಪ್ಪಾಳೆ! ಪ್ರಾಂಪ್ಟರ್ ಪುಸ್ತಕ ಮುಚ್ಚಿ ತಲೆಗೆ ಕೈ ಹಚ್ಚಿ ಕೂತ. ಬಿಚ್ಚು ಅಂದರೆ ಮಾವನಿಗೆ ಅವಮಾನ. ಬಿಚ್ಚದಿದ್ದರೆ ನಾಟಕ ಅಲ್ಲಿಗೇ ಮುಗಿಯಿತು. ಹಿಂದೆ ನಿಂತ ಹಮಾಲಿ ಹುಡುಗನ ಕಣ್ಣಲ್ಲಿ ನೀರು.

ಇನ್‌ಸ್ಪೆಕ್ಟರ್ ಪಾತ್ರದವನು ಝೆರಾಕ್ಸ್ ಅಂಗಡಿಯ ಹುಡುಗ. ಅವನು ಒಂದು ಗಳಿಗೆ ಸುಮ್ಮನೆ ನಿಂತ. ಆಮೇಲೆ ಲಾಠಿಯಿಂದ ಮೇಜು ಬಡಿದು, ಪುಸ್ತಕದಲ್ಲಿ ಇಲ್ಲದ ಮಾತು ಹೇಳಿದ. "ಈ ವಾಡೇದಾಗ ಇರೋ ಎಲ್ಲಾರೂ ತಮ್ಮ ತಮ್ಮ ಗಡಿಯಾರ ಬಿಚ್ಚಿ ಈ ಮೇಜಿನ ಮ್ಯಾಲ ಇಡ್ರಿ. ಇದು ತನಿಖೆ!" ಎಲ್ಲರೂ ಬಿಚ್ಚಿದರು. ಗಡಿಯಾರವಿಲ್ಲದ ಆಳುಮಗ ಉಡದಾರ ಮುಟ್ಟಿ ನೋಡಿಕೊಂಡ. ಜನ ನಕ್ಕರು, ಆಟ ಮುಂದೆ ಹೋಯಿತು.

ನಸುಕಿನ ನಾಲ್ಕೂವರೆಗೆ ಕೊನೆಯ ದೃಶ್ಯ. ಮೊಬೈಲ್ ಎತ್ತಿದರೆ ನಾಟಕ ನಿಲ್ಲುತ್ತದೆ ಅಂತ ಮೊದಲೇ ಕೂಗಿದ್ದರು, ಒಂದೂ ಏಳಲಿಲ್ಲ. ಇನ್‌ಸ್ಪೆಕ್ಟರ್ ಮೇಜಿನ ಮೇಲಿನ ಗಡಿಯಾರಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಹೊಸದೊಂದನ್ನು ಹಿಡಿದು ನಿಂತ. ಬೆಲೆಯ ಚೀಟಿ ಇನ್ನೂ ಅಂಟಿಕೊಂಡಿತ್ತು. "ಇದು ಇವತ್ತ ರಾತ್ರಿ ನಿನ್ನ ಕೈಗೆ ಬಂದದ್ದು. ಊರ ಮಂದಿ ಎಲ್ಲಾ ಸಾಕ್ಷಿ. ಹಂಗಾದ್ರ... ನಿನ್ನ ಹಳೇ ಗಡಿಯಾರ ಎಲ್ಲೈತಿ?"

ಊರೇ ಎದ್ದು ನಿಂತಿತು, ಸ್ವಾಮಿ! ನಾನು ಎಷ್ಟೋ ಚಿತ್ರಗಳ ಕ್ಲೈಮಾಕ್ಸ್ ನೋಡಿದ್ದೇನೆ, ಅಂಥ ಸಿಳ್ಳೆ ಕೇಳಿಲ್ಲ. ಎಲ್ಲರೂ ತಿರುಗಿ ನೋಡಿದ್ದು ಮಾವನನ್ನು. ಅವರು ಟವಲು ಕೊಡವಿ ಮತ್ತೆ ಸ್ಟೇಜು ಹತ್ತಿದರು. ಈಗ ಜಗಳವೇ ಅಂದುಕೊಂಡೆವು. ಮೈಕು ಕಸಿದುಕೊಂಡು, "ನನ್ನ ಅಳಿಯನ್ನ ಹಿಡದ ಇನ್‌ಸ್ಪೆಕ್ಟರ್ ಸಾಹೇಬರಿಗೆ ನನ್ನ ಕಡಿಂದ ಐನೂರ ಒಂದು ರೂಪಾಯಿ!" ಅಂದರು.

ಪರದೆ ಬೀಳುವ ಮೊದಲು ಮಾಸ್ತರರು ಕೈಮುಗಿದು ಮುಂದೆ ಬಂದರು. "ಈ ಹುಡುಗೂರು ಇನ್ನೂ ನಾಲ್ಕ ಊರಾಗ ಆಡಿದ್ರ ಸಾಲ ಹರೀತೈತಿ. ಯಾರ ಮುಂದೂ ಹೇಳಬ್ಯಾಡ್ರಿ" ಅಂದರು. ಲಂಡನ್ನಿನ ಕಥೆಯನ್ನು ಅವರಿಗೆ ನಾನು ಹೇಳಿದ್ದು ಅದರ ಮರುದಿನ.

ತಿಂಗಳು ಕಳೆದ ಮೇಲೆ

ಎರಡನೇ ಪ್ರಯೋಗ ಕುಷ್ಟಗಿ ಕಡೆಯ ಒಂದು ಊರಲ್ಲಿ. ನನಗೆ ಎದೆ ಡವಡವ. ಮೊದಲ ಊರಿನ ಎಷ್ಟೋ ಹೆಣ್ಣುಮಕ್ಕಳನ್ನು ಅಲ್ಲಿಗೇ ಕೊಟ್ಟಿದ್ದಾರೆ. ತವರಿಗೆ ಹೋಗಿ ನೋಡಿ ಬಂದವರು ಬಾಯಿ ಕಟ್ಟಿಕೊಂಡಿರುತ್ತಾರೆಯೇ? ಮಧ್ಯಾಹ್ನವೇ ಹೋಗಿ ಚಹಾದಂಗಡಿಯಲ್ಲಿ ಕೂತು ಮೆಲ್ಲಗೆ ವಿಚಾರಿಸಿದೆ.

"ಕೊಂದಾಂವ ಯಾರಂತ ಗೊತ್ತೈತ್ರಿ" ಅಂದ ಅಂಗಡಿಯವ. ನನ್ನ ಜೀವ ಹಾರಿತು. "ಡಾಕ್ಟರ್. ನಮ್ಮ ಚಿಗವ್ವ ನೋಡಿ ಬಂದಾಳ."

"ಸುಳ್ಳ! ತಮ್ಮನs ಕೊಂದದ್ದು. ನನ್ನ ಹೇಣತಿ ಆಣಿ ಮಾಡಿ ಹೇಳ್ಯಾಳ" ಅಂದ ಪಕ್ಕದವ.

ಬಾವಿಕಟ್ಟೆಯ ಹತ್ತಿರ ಗುಮಾಸ್ತ ಅಂದರು. ಶಾಲೆಯ ಮುಂದೆ ಅಕ್ಕನ ಮಗ ಅಂದರು. ಒಬ್ಬ ಮುದುಕಿ, ಸಾಹುಕಾರ ಸತ್ತೇ ಇಲ್ಲ ಅಂದಳು. ಸಂಜೆಯೊಳಗೆ ಏಳು ಮಂದಿಯ ಹೆಸರೂ ಬಂದವು. ಒಬ್ಬೊಬ್ಬರಿಗೂ ಒಬ್ಬೊಬ್ಬ ಕಣ್ಣಾರೆ ಕಂಡ ಸಾಕ್ಷಿ! ಆ ಊರಿನ ಹೆಣ್ಣುಮಕ್ಕಳು ಸುಮ್ಮನೆ ಇರಲಿಲ್ಲ. ಒಬ್ಬೊಬ್ಬರು ಒಂದೊಂದು ಸುಳ್ಳು ಹೇಳಿ ಇಡೀ ಊರನ್ನು ಎರಡು ಪಾರ್ಟಿ ಅಲ್ಲ, ಏಳು ಪಾರ್ಟಿ ಮಾಡಿಬಿಟ್ಟಿದ್ದರು. ಆ ರಾತ್ರಿ ಕೂಡಲು ಜಾಗ ಇರಲಿಲ್ಲ.

ಬೆಳಗಿನ ಬಸ್ಸಿಗೆ ಹತ್ತಿದೆ. ಕಣ್ಣು ಉರಿಯುತ್ತಿತ್ತು. ಟಿಕೆಟ್ ಹರಿಯುತ್ತ ಕಂಡಕ್ಟರ್ ಕೇಳಿದ, "ನಾಟಕಕ್ಕ ಹೋಗಿದ್ರೇನ್ರಿ ಸರ? ಮುಂದಿನ ವಾರ ನಮ್ಮೂರಾಗೂ ಐತಂತ. ಯಾರ್ರೀ ಕೊಂದಾಂವ?"

ಆಚೀಚೆ ನೋಡಿದೆ. ಅವನನ್ನು ಹತ್ತಿರ ಕರೆದು, ಕಿವಿಯಲ್ಲಿ ಒಂದು ಹೆಸರು ಹೇಳಿದೆ.

ಸುಳ್ಳು ಹೆಸರು.